ಜೀನ್ಸ್ ಚಿಂದಿಯ ಕೋಣೆಯಲ್ಲಿ ನಮ್ಮ ಮೊದಲ ಆಲ್ಬಂ: ನನ್ನ ಅನುಭವ

ಬಳ್ಳಾರಿಯಲ್ಲಿ ಕುಳಿತು ಪ್ರೊಗ್ರೆಸಿವ್ ಮೆಟಲ್ (ತಾಳ ಬದಲಿಸುತ್ತ ಸಾಗುವ ಅಬ್ಬರದ ರಾಕ್ ಸಂಗೀತ) ಆಲ್ಬಂ ಮಾಡುವುದು, ಅದರಲ್ಲೂ ಡ್ರಮ್ಸನ್ನು ನಿಜವಾಗಿ ಬಾರಿಸಿ ಧ್ವನಿಮುದ್ರಿಸುವುದು ಆಗದ ಮಾತು ಎಂದು ನಮಗೆ ಹೇಳದವರಿಲ್ಲ. ಬೆಂಗಳೂರಿನ ಸ್ಟುಡಿಯೋಗೆ ಹೋಗಿ, ಇಲ್ಲವೇ ಡ್ರಮ್ಸನ್ನು ಕಂಪ್ಯೂಟರಿನಲ್ಲೇ ಪ್ರೋಗ್ರಾಂ ಮಾಡಿ ಮುಗಿಸಿ ಎಂಬ ಎರಡೇ ದಾರಿಗಳನ್ನು ಎಲ್ಲರೂ ತೋರಿಸಿದರು. ಎಂಟು ಹಾಡುಗಳ, ಐವತ್ತು ನಿಮಿಷಕ್ಕೆ ತುಸು ಹೆಚ್ಚಿನ ನಮ್ಮ ಆಲ್ಬಂ ಈಗ ಹೊರಬಂದಿದೆ. ಅದರ ಡ್ರಮ್ಸಿನ ಪ್ರತಿಯೊಂದು ಪೆಟ್ಟನ್ನೂ ಕೌಲ್ ಬಜಾರ್ ಕಡೆ ಕೆಲಸ ನಿಂತುಹೋಗಿದ್ದ ಜೀನ್ಸ್ ಯೂನಿಟ್ ಒಂದರ ಕಟಿಂಗ್ ಕೋಣೆಯಲ್ಲಿ ನಾವೇ ಮುದ್ರಿಸಿಕೊಂಡಿದ್ದೇವೆ.

ಸ್ಟುಡಿಯೋ ದಾರಿಯನ್ನು ನಾವು ನೋಡದೆ ಬಿಟ್ಟವರಲ್ಲ. ಅದಕ್ಕೂ ಮುಂಚೆ ಎರಡು ಹಾಡುಗಳಿಗಾಗಿ ಒಂದು ಸ್ಟುಡಿಯೋದಲ್ಲಿ ನಲವತ್ತು ಸಾವಿರದಷ್ಟು ಖರ್ಚು ಮಾಡಿದ್ದೆವು. ದಿನದ ಬಾಡಿಗೆ, ನಾಲ್ವರ ಊಟ-ವಸತಿ, ಸಾಮಾನು ಸಾಗಾಟ ಎಲ್ಲವೂ ಸೇರಿ ಗಡಿಯಾರ ನೋಡುತ್ತಲೇ ಬಾರಿಸಬೇಕಾಯಿತು. ಏಳು ಪೆಟ್ಟಿನ ತಾಳದ ಲೆಕ್ಕದಿಂದ ಐದಕ್ಕೆ, ಐದರಿಂದ ಒಂಬತ್ತಕ್ಕೆ ಹೊರಳುವ ಹಾಡನ್ನು ಪರರ ಡ್ರಮ್ಸ್ ಮೇಲೆ, ಅವಸರದಲ್ಲಿ ನುಡಿಸಿದರೆ ಏನಾಗುತ್ತದೆಯೋ ಅದೇ ಆಯಿತು. ಆ ಎರಡು ಮುದ್ರಣಗಳಲ್ಲಿ ಒಂದನ್ನೂ ಬಳಸಿಕೊಳ್ಳಲಾಗಲಿಲ್ಲ. ಎಂಟು ಹಾಡುಗಳ ಡ್ರಮ್ಸ್ ಒಂದಕ್ಕೇ ಒಂದೂವರೆ ಲಕ್ಷ ದಾಟುತ್ತದೆ ಎಂಬ ಲೆಕ್ಕ ಬಂದಾಗ, ಆ ಹಣದಲ್ಲಿ ಕೋಣೆಯನ್ನೇ ಏಕೆ ಕಟ್ಟಿಕೊಳ್ಳಬಾರದು ಎಂದು ಯೋಚಿಸಿದೆವು.

ನಮಗೆ ಸಿಕ್ಕ ಕೋಣೆ ಸುಮಾರು ಹದಿನೆಂಟು ಅಡಿ ಉದ್ದ, ಹದಿಮೂರು ಅಡಿ ಅಗಲದ್ದು. ನೆಲಕ್ಕೆ ಶಹಾಬಾದ್ ಬಂಡೆ, ಮೇಲೆ ಆರ್‌ಸಿಸಿ. ಚಪ್ಪಾಳೆ ತಟ್ಟಿದರೆ ಝಣ್ ಎನ್ನುವ ಮರುದನಿ ಗೋಡೆಯಿಂದ ಗೋಡೆಗೆ ಓಡಾಡುತ್ತಿತ್ತು. ಮೊದಲು ಮೊಟ್ಟೆಯ ಟ್ರೇ ಅಂಟಿಸಿ ನೋಡಿದೆವು. ಅದರಿಂದ ಗೋಡೆ ಕೊಳಕಾಗಿ ಕಂಡದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆಮೇಲೆ ಕಂಬಳಿಗಳನ್ನು ತೂಗುಹಾಕಿದಾಗ ಸಿಂಬಲ್‌ಗಳು ಸತ್ತಂತಾದವು, ಆದರೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಗುಮ್ಮೆನ್ನುವ ಸದ್ದು ಮಾತ್ರ ಹಾಗೆಯೇ ಉಳಿಯಿತು. ಸದ್ದು ಹೀರುವ ಸಿದ್ಧ ಪ್ಯಾನೆಲ್‌ಗಳ ಬೆಲೆ ಕೇಳಿದರೆ ಕೋಣೆ ಪೂರ್ತಿಗೆ ಲಕ್ಷಕ್ಕೂ ಮೇಲೆ ಹೇಳಿದರು.

ದಾರಿ ಯೂನಿಟ್ಟಿನ ಹಿತ್ತಿಲಲ್ಲಿ ಗೋಣಿಚೀಲಗಳಲ್ಲಿ ಬಿದ್ದಿತ್ತು. ಜೀನ್ಸ್ ಪ್ಯಾಂಟಿನ ಕಟಿಂಗಿನಲ್ಲಿ ಉಳಿಯುವ ಚಿಂದಿ ಬಹುಪಾಲು ಹತ್ತಿಯದೇ. ಹೊರದೇಶಗಳಲ್ಲಿ ಹಳೆಯ ಡೆನಿಮ್ಮನ್ನು ಹಿಂಜಿ, ಗೋಡೆಗಳ ಒಳಗೆ ಶಾಖ ಮತ್ತು ಸದ್ದು ತಡೆಯಲು ತುಂಬುತ್ತಾರೆ. ಯೂನಿಟ್ಟಿನ ಯಜಮಾನರು, “ತಮ್ಮಾ, ಇದು ಒಲಿಗೆ ಹಾಕೋ ಚಿಂದಿ, ಇದಕ್ಕ್ಯಾಕ ರೊಕ್ಕ ಕೊಡ್ತಿ?” ಎಂದು ಕೇಳಿದರೂ ಕೆ.ಜಿ.ಗೆ ಹತ್ತು-ಹನ್ನೆರಡು ರೂಪಾಯಿಯಂತೆ ತೂಕ ಹಾಕಿಸಿಯೇ ಕೊಟ್ಟರು. ಒಟ್ಟು ಇನ್ನೂರು ಕೆ.ಜಿ.ಯ ಆಸುಪಾಸು ಕೊಂಡೆವು.

ಚಿಂದಿಯನ್ನು ಹಾಗೆಯೇ ಚೌಕಟ್ಟಿಗೆ ತುರುಕಿದರೆ ಕೆಲಸವಾಗುವುದಿಲ್ಲ. ಎರಡು ಅಡಿಗೆ ನಾಲ್ಕು ಅಡಿ, ನಾಲ್ಕು ಇಂಚು ದಪ್ಪದ ಮೊದಲ ಚೌಕಟ್ಟುಗಳಲ್ಲಿ ಎಂಟೊಂಬತ್ತು ಕೆ.ಜಿ. ಹಿಡಿಸಿದ್ದೆವು, ಅದು ಹಲಗೆಯಂತೆ ಗಟ್ಟಿಯಾಗಿ ಸದ್ದನ್ನು ನುಂಗುವ ಬದಲು ಹಿಂದಕ್ಕೆ ಎಸೆಯಿತು, ಜೊತೆಗೆ ತಿಂಗಳೊಳಗೆ ಕೆಳಕ್ಕೆ ಕುಸಿದು ಮೇಲ್ಭಾಗ ಬರಿದಾಯಿತು. ಆಗ ಗಾದಿ ಮಾಡುವವರ ಹಿಂಜುವ ಯಂತ್ರಕ್ಕೆ ಒಯ್ದು ಹಿಂಜಿಸಿದೆವು. ಹಿಂಜಿದ ಚಿಂದಿ ಚೌಕಟ್ಟಿಗೆ ನಾಲ್ಕು ಕೆ.ಜಿ. ಸಾಕಾಯಿತು, ಗೇಣಿಗೊಂದರಂತೆ ಅಡ್ಡಡ್ಡ ಸುತಳಿ ಕಟ್ಟಿದ್ದರಿಂದ ಕುಸಿಯುವುದೂ ನಿಂತಿತು. ಮೇಲೆ ಹೊದಿಸುವ ಬಟ್ಟೆ ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗುವಂಥದ್ದಾಗಿರಬೇಕು. ರೆಕ್ಸಿನ್ ಹೊದಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಪ್ಯಾನೆಲ್ಲನ್ನು ಗೋಡೆಗೆ ಅಂಟಿಸದೆ ನಾಲ್ಕು ಇಂಚು ಬಿಟ್ಟು ನಿಲ್ಲಿಸಿದಾಗ ಕೆಳಸ್ವರಗಳ ಹಿಡಿತ ಕಿವಿಗೇ ಗೊತ್ತಾಗುವಷ್ಟು ಸುಧಾರಿಸಿತು. ಹಿಂಬದಿಯ ಎರಡು ಮೂಲೆಗಳಲ್ಲಿ ಚಿಂದಿಯ ಜೊತೆ ಇನ್ನೇನು ಸೇರಿಸಿದೆವು ಎಂಬುದನ್ನು ಮಾತ್ರ ನಮ್ಮ ಎರಡನೆಯ ಆಲ್ಬಂ ಮುಗಿಯುವವರೆಗೆ ಹೇಳುವುದಿಲ್ಲ.

ಹತ್ತಿ ಬೆಂಕಿಗೆ ಬೇಗ ತುತ್ತಾಗುತ್ತದೆ. ಆದ್ದರಿಂದ ಬಿಳಿಗಾರ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಹಿಂಜಿದ ಚಿಂದಿಗೆ ಸಿಂಪಡಿಸಿ, ತಾರಸಿಯ ಬಿಸಿಲಿನಲ್ಲಿ ಒಣಗಿಸಿದೆವು. ಒಂದು ಹಿಡಿಯನ್ನು ಸುಟ್ಟು ನೋಡಿದಾಗ ಅದು ಉರಿಯದೆ ಕರಕಾಗಿ ನಿಂತಿತು. ಹುಳುಹುಪ್ಪಟೆಯ ಕಾಟವೂ ಅದರಿಂದಲೇ ತಪ್ಪಿತು. ಈ ಹಂತವನ್ನು ಬಿಟ್ಟು ಯಾರೂ ಇದನ್ನು ಮಾಡಬಾರದು. ಚಿಂದಿ, ಹಿಂಜುವ ಕೂಲಿ, ಪ್ಯಾಕಿಂಗ್ ಪೆಟ್ಟಿಗೆಯ ಹಳೆಯ ಮರ, ಬಟ್ಟೆ, ಪುಡಿ ಎಲ್ಲ ಕೂಡಿ ಇಪ್ಪತ್ತೆರಡು ಸಾವಿರದೊಳಗೆ ಕೋಣೆ ಸಿದ್ಧವಾಯಿತು.

ಸಿದ್ಧವಾದ ಮೇಲೂ ಒಂದು ಸದ್ದು ನಮ್ಮನ್ನು ವಾರಗಟ್ಟಲೆ ಕಾಡಿತು. ಏಳು ತಂತಿಯ ಗಿಟಾರನ್ನು ನಾವು ಡ್ರಾಪ್ ಎ ಶ್ರುತಿಯಲ್ಲಿ ನುಡಿಸುತ್ತೇವೆ, ಅಂದರೆ ಅತಿ ಕೆಳಸ್ವರದ ದಪ್ಪ ತಂತಿಯನ್ನು ಇನ್ನೂ ಇಳಿಸಿ 55 ಹರ್ಟ್ಸ್‌ಗೆ ಕೂರಿಸುತ್ತೇವೆ. ಆ ತಂತಿಯನ್ನು ಬೆರಳಿನಿಂದ ಒತ್ತದೆ ಮೀಟಿದಾಗಲೆಲ್ಲ ಎಲ್ಲಿಂದಲೋ ಜಿರ್ರೆಂಬ ಕಂಪನ ಬರುತ್ತಿತ್ತು. ಆಂಪ್ಲಿಫೈಯರ್ ಬಿಚ್ಚಿದೆವು, ಸ್ಪೀಕರ್ ಬದಲಿಸಿದೆವು, ಸ್ನೇರ್ ಡ್ರಮ್ಮಿನ ತಂತಿಗಳನ್ನು ಸಡಿಲಿಸಿದೆವು. ಕೊನೆಗೆ ನಮ್ಮ ಡ್ರಮ್ಮರ್ ಒಂದೊಂದೇ ಪ್ಯಾನೆಲ್ಲಿಗೆ ಕಿವಿ ಹಚ್ಚುತ್ತ ಹೋಗಿ, ಬಾಗಿಲ ಪಕ್ಕದ್ದನ್ನು ಬಿಚ್ಚಿಸಿದ. ಒಳಗೆ ಮರದ ಪಟ್ಟಿಗೆ ತಾಗಿಕೊಂಡು ಒಂದು ಹಿತ್ತಾಳೆ ಜಿಪ್ಪಿನ ತುಂಡು ಕೂತಿತ್ತು. ಆಯಸ್ಕಾಂತ ಆಡಿಸಿ ಗುಂಡಿ, ರಿವೆಟ್‌ಗಳನ್ನು ತೆಗೆದಿದ್ದೆವು. ಹಿತ್ತಾಳೆ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಹಿಂಜಿಸುವ ಮುಂಚೆಯೇ ಚಿಂದಿಯನ್ನು ಕೈಯಿಂದ ಹಿಸುಕಿ ನೋಡುವುದೊಂದೇ ಉಪಾಯ.

ಹಗಲು ಪಕ್ಕದ ಯೂನಿಟ್ಟಿನ ಹೊಲಿಗೆ ಯಂತ್ರಗಳ ನಡುಕ ಗೋಡೆಯ ಮೂಲಕ ಮೈಕಿಗೆ ಇಳಿಯುತ್ತಿದ್ದುದರಿಂದ ನಮ್ಮ ಕೆಲಸ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದವರೆಗೆ ನಡೆಯುತ್ತಿತ್ತು. ಗಿಟಾರಿನ ಪಿಕಪ್ಪಿನಲ್ಲಿ ಬರುತ್ತಿದ್ದ ಗುಂಯ್ ಸದ್ದು ಇದ್ದಿಲು-ಉಪ್ಪು ತುಂಬಿದ ಹೊಸ ಅರ್ಥಿಂಗ್ ಗುಂಡಿ ತೋಡಿಸಿದ ಮೇಲೆ ಬಹುಪಾಲು ಅಡಗಿತು. ಸೆಕೆಯನ್ನು ಮಾತ್ರ ಗೆಲ್ಲಲಾಗಲಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಬಾರಿಸಿದರೆ ಅರ್ಧ ಗಂಟೆಯೊಳಗೆ ತಂತಿಗಳು ಶ್ರುತಿ ಇಳಿಯುತ್ತವೆ, ಡ್ರಮ್ಮರ್ ಕೈಯಿಂದ ಕೋಲು ಜಾರುತ್ತದೆ. ಆದ್ದರಿಂದ ಡ್ರಮ್ಸನ್ನು ಡಿಸೆಂಬರ್-ಜನವರಿಯಲ್ಲೇ ಮುಗಿಸಿಕೊಳ್ಳಿ ಎಂಬುದು ಈ ಭಾಗದ ತಂಡಗಳಿಗೆ ನನ್ನ ಖಚಿತವಾದ ಸಲಹೆ. ಮೈಕುಗಳ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಎಂಟು ಇನ್‌ಪುಟ್ಟಿನ ಇಂಟರ್‌ಫೇಸ್ ಮತ್ತು ಎಂಟೇ ಮೈಕುಗಳು ನಮಗೆ ಸಾಲಿದವು. ಡ್ರಮ್ಸಿನ ಮೇಲ್ಗಡೆ ಇಡುವ ಓವರ್‌ಹೆಡ್ ಮೈಕುಗಳೆರಡೂ ಸ್ನೇರಿನಿಂದ ಸಮದೂರದಲ್ಲಿರುವಂತೆ ದಾರ ಹಿಡಿದು ಅಳೆದಿದ್ದೆವು.

ಸಾಹಿತ್ಯದ ವಿಷಯದಲ್ಲಿ ಮಾಡಿದ ಒಂದು ಪ್ರಯೋಗದ ಬಗ್ಗೆ ನನಗೆ ವಿಶೇಷ ಅಭಿಮಾನವಿದೆ. ಏಳರ ಲೆಕ್ಕದ ರಿಫ್ಫುಗಳ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳ) ಮೇಲೆ ಕನ್ನಡ ಕೂರುವುದಿಲ್ಲ, ಇಂಗ್ಲಿಷಿನಲ್ಲೇ ಬರೆಯಿರಿ ಎಂದು ಹಲವರು ಹೇಳಿದ್ದರು. ಆದರೆ ಭಾಮಿನಿ ಷಟ್ಪದಿಯ ನಡೆಯೇ ಮೂರು ಮತ್ತು ನಾಲ್ಕು ಮಾತ್ರೆಗಳ ಜೋಡಿ. ಅದು ನೇರವಾಗಿ ಏಳರ ಲೆಕ್ಕ. ಮೂರನೆಯ ಮತ್ತು ಆರನೆಯ ಸಾಲುಗಳು ಉಳಿದವುಗಳ ಒಂದೂವರೆಯಷ್ಟಿದ್ದು ಕೊನೆಗೊಂದು ಗುರು ಹೆಚ್ಚಿರುತ್ತದೆ. ಆ ಗುರುವಿನ ಎರಡು ಮಾತ್ರೆಗಳನ್ನು ನಾವು ಇಡೀ ತಂಡ ಒಮ್ಮೆಲೇ ನಿಲ್ಲುವ ಜಾಗವಾಗಿ ಮಾಡಿಕೊಂಡೆವು, ಹಾಡಿನ ಅತಿ ಬಲವಾದ ಹೊಡೆತ ಅದೇ ಆಯಿತು. ಐದರ ಲೆಕ್ಕದ ಹಾಡಿಗೆ ವಾರ್ಧಕ ಷಟ್ಪದಿಯನ್ನು ಪ್ರಯತ್ನಿಸಿದೆವು. ಅಲ್ಲಿ ಸಾಲುಗಳು ಉದ್ದವಾಗಿ ಗಾಯಕನ ಉಸಿರು ಸಾಲದೆ ಅರ್ಧಕ್ಕೇ ಕೈಬಿಟ್ಟೆವು.

ಇನ್ನೊಂದು ಪ್ರಯೋಗ ಯೂನಿಟ್ಟಿನ ನೀರಿನ ಸಂಪಿನದು. ಖಾಲಿ ಸಂಪಿನೊಳಗೆ ಒಂದು ಸ್ಪೀಕರನ್ನೂ ಒಂದು ಮೈಕನ್ನೂ ಇಳಿಸಿ, ಮುದ್ರಿಸಿದ ಹಾಡುಗಾರಿಕೆಯನ್ನು ಅದರೊಳಗೆ ನುಡಿಸಿ, ಬಂದ ಪ್ರತಿಧ್ವನಿಯನ್ನು ಮತ್ತೆ ಮುದ್ರಿಸಿಕೊಂಡೆವು. ಎರಡು ಹಾಡುಗಳಲ್ಲಿ ಕೇಳಿಸುವ ರಿವರ್ಬ್ ಅದು. ಕಿರುಚುವ ದನಿಗೆ ಅದು ಒಗ್ಗಲಿಲ್ಲ, ನಿಧಾನದ ಆಲಾಪಕ್ಕೆ ಮಾತ್ರ ಚೆನ್ನಾಗಿ ಕೂತಿತು.

ಮಿಕ್ಸಿಂಗನ್ನು ಹೊರಗಿನ ಎಂಜಿನಿಯರ್ ಒಬ್ಬರಿಗೆ ಕೊಟ್ಟೆವು. ನಮ್ಮ ಡ್ರಮ್ಸ್ ಫೈಲುಗಳು ಬಂದರೆ ಎಸೆದು ಸ್ಯಾಂಪಲ್‌ಗಳನ್ನೇ (ಬೇರೆಡೆ ಮುದ್ರಿಸಿಟ್ಟ ಸಿದ್ಧ ಪೆಟ್ಟುಗಳನ್ನೇ) ಹಾಕಬೇಕಾಗುತ್ತದೆ ಎಂದು ಮೊದಲೇ ಎಚ್ಚರಿಸಿದ್ದವರು, ಫೈಲುಗಳನ್ನು ಕೇಳಿದ ಮೇಲೆ ಯಾವ ಸ್ಟುಡಿಯೋದಲ್ಲಿ ಮುದ್ರಿಸಿದಿರಿ ಎಂದು ವಿಚಾರಿಸಿದರು. ಕಿಕ್ ಡ್ರಮ್ಮಿಗೆ ಮಾತ್ರ ಸ್ವಲ್ಪ ಸ್ಯಾಂಪಲ್ ಬೆರೆಸಿದ್ದಾರೆ, ಉಳಿದದ್ದೆಲ್ಲ ಕೋಣೆಯದೇ. ಕೊನೆಯ ಹಂತವಾದ ಮಾಸ್ಟರಿಂಗಿನಲ್ಲಿ ಸದ್ದಿನ ಮಟ್ಟವನ್ನು ಮೈನಸ್ ಏಳು ಎಲ್‌ಯುಎಫ್‌ಎಸ್‌ವರೆಗೆ (ಇದು ಸದ್ದಿನ ಜೋರನ್ನು ಅಳೆಯುವ ಮಾನ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಏರಿಸಿದ್ದ ಮೊದಲ ಪ್ರತಿಯನ್ನು ನಾವು ಒಪ್ಪಲಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಇಳಿಸುವುದರಿಂದ ಹಾಡಿನ ಏರಿಳಿತ ಕಳೆದುಕೊಂಡದ್ದಷ್ಟೇ ಉಳಿಯುತ್ತದೆ. ಮೈನಸ್ ಹತ್ತರ ಹತ್ತಿರ ನಿಲ್ಲಿಸಿದೆವು.

ಒಟ್ಟು ಖರ್ಚು, ಇಂಟರ್‌ಫೇಸ್ ಮತ್ತು ಮೈಕುಗಳನ್ನೂ ಹಿಡಿದು, ಎರಡೂವರೆ ಲಕ್ಷದ ಆಸುಪಾಸು; ಅದರಲ್ಲಿ ಅರ್ಧದಷ್ಟು ನಮ್ಮ ಬಳಿಯೇ ಉಳಿದ ಸಾಮಾನು. ಸ್ಟ್ರೀಮಿಂಗಿನಿಂದ ಈವರೆಗೆ ಬಂದದ್ದು ತಂತಿಗಳ ಖರ್ಚಿಗೂ ಸಾಲದು. ಹಣ ಬಂದದ್ದು ಸಿಡಿಯಿಂದ. ಉಳಿದ ಚಿಂದಿಯ ದೊಡ್ಡ ತುಂಡುಗಳನ್ನು ಆರಿಸಿ, ಅದೇ ಯೂನಿಟ್ಟಿನಲ್ಲಿ ಮುಂಚೆ ಕೆಲಸ ಮಾಡುತ್ತಿದ್ದ ಟೇಲರ್ ಅಣ್ಣನಿಂದ ಪ್ರತಿ ಸಿಡಿಗೂ ಜೇಬಿನ ಆಕಾರದ ಡೆನಿಮ್ ಚೀಲ ಹೊಲಿಸಿದೆವು. ಹೊಲಿಗೆಗೆ ಇಪ್ಪತ್ತೈದು ರೂಪಾಯಿ, ಮಾರಿದ್ದು ನಾಲ್ಕು ನೂರಕ್ಕೆ. ಇನ್ನೂರರಷ್ಟು ಪ್ರತಿಗಳು ಖರ್ಚಾಗಿ ಈಗ ಮತ್ತೆ ಹೊಲಿಸುತ್ತಿದ್ದೇವೆ. ಕೋಣೆಯ ಬಾಡಿಗೆಯನ್ನು ಭಜನಾ ಮಂಡಳಿಗಳೂ ಕಿರುಚಿತ್ರದವರೂ ಬಂದು ಮುದ್ರಿಸಿಕೊಂಡು ಕೊಡುವ ಹಣವೇ ತುಂಬುತ್ತಿದೆ. ಕೊಪ್ಪಳ ಮತ್ತು ರಾಯಚೂರಿನ ಎರಡು ತಂಡಗಳು ಬರುವ ಚಳಿಗಾಲಕ್ಕೆ ರಾತ್ರಿಗಳನ್ನು ಈಗಲೇ ಕಾಯ್ದಿರಿಸಿವೆ.