ಪರದೆ ಎಣಿಸುವ ಮೊದಲು ಹಾಸಿಗೆ ಎಣಿಸಿ

ಸೊಳ್ಳೆ ಪರದೆ ಹಂಚಿದ ಮನೆಗೆ ಮತ್ತೆ ಹೋದಾಗ ‘ದಿನಾ ಕಟ್ಟುತ್ತೀರಾ?’ ಎಂದು ನಾನು ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ನಿನ್ನೆ ರಾತ್ರಿ ಯಾರ್ಯಾರು ಎಲ್ಲಿ ಮಲಗಿದ್ದಿರಿ, ಪರದೆಯೊಳಗೆ ಯಾರಿದ್ದರು?’ ಎಂದು ಕೇಳಿದರೆ ನಿಜ ತಿಳಿಯುತ್ತದೆ.

ಇಬ್ಬರಿಗೊಂದು ಪರದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಐದು ಜನರಿದ್ದರೆ ಮೂರು ಬೇಕು. ಹೀಗೆ ಬೆಸಸಂಖ್ಯೆಯ ಮನೆಗಳಿರುವುದರಿಂದಲೇ ಖರೀದಿಯ ಅಂದಾಜಿಗೆ 1.8 ಜನರಿಗೊಂದು ಎಂದು ಹಿಡಿಯುತ್ತಾರೆ. ಇಷ್ಟಾದರೂ ಹಾಸಿಗೆಗಳ ಲೆಕ್ಕ ತಾಳೆಯಾಗದಿರಬಹುದು, ಒಬ್ಬೊಬ್ಬರೇ ಬೇರೆ ಬೇರೆ ಕಡೆ ಮಲಗುವ ಮನೆಗಳಿರುತ್ತವೆ. ಕಡಿಮೆ ಬಿದ್ದರೆ ಬಸುರಿಯರಿಗೂ 5 ವರ್ಷದೊಳಗಿನ ಮಕ್ಕಳಿಗೂ ಮೊದಲು.

ಔಷಧಿ ಲೇಪಿಸಿದ ಹೊಸ ಪರದೆಯನ್ನು ಪೊಟ್ಟಣದಿಂದ ತೆಗೆದು 24 ಗಂಟೆ ನೆರಳಿನಲ್ಲಿ ಹರವಬೇಕು. ಇದನ್ನು ಬಿಟ್ಟರೆ ಮೊದಲ ರಾತ್ರಿಯೇ ಮುಖ ಉರಿದು, ಸೀನು ಬಂದು, ಪರದೆ ಮತ್ತೆ ಪೊಟ್ಟಣ ಸೇರಿಬಿಡುತ್ತದೆ.

ಎಷ್ಟೋ ಮನೆಗಳಲ್ಲಿ ಬಳಕೆ ನಿಲ್ಲುವುದು ಮೊಳೆಯಿಲ್ಲದೆ. ಹಾಗಾಗಿ ಪರದೆ ಕೊಟ್ಟ ದಿನವೇ ನಾಲ್ಕು ಮೊಳೆ ಹೊಡೆದು, ದಾರ ಕಟ್ಟಿ, ತೂಗುಹಾಕಿಯೇ ಬರುವುದು ನನ್ನ ಪದ್ಧತಿ. ಅಂಚು ಹಾಸಿಗೆಯಡಿ ಒಂದು ಗೇಣಾದರೂ ಸಿಗುವಷ್ಟು ಕೆಳಗಿರಬೇಕು. ಎತ್ತರಕ್ಕೆ ಎಳೆದು ಕಟ್ಟಿದರೆ ಮಗ್ಗುಲು ಬದಲಿಸಿದಾಗ ಅಂಚು ಕಳಚಿಕೊಳ್ಳುತ್ತದೆ. ಮೈ ಪರದೆಗೆ ಒತ್ತಿಕೊಂಡಿದ್ದರೆ ಹೊರಗಿನ ಸೊಳ್ಳೆ ಬಲೆಯ ಸಣ್ಣ ರಂಧ್ರದ ಮೂಲಕವೇ ಕಚ್ಚಬಲ್ಲದು, ಇಕ್ಕಟ್ಟಾದ ಪರದೆಯೊಳಗೆ ಮಕ್ಕಳನ್ನು ನಡುವೆ ಮಲಗಿಸಿ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಮಗು ಬೇಗ ಮಲಗಿದರೆ ಪರದೆಯೂ ಆಗಲೇ ಇಳಿಯಬೇಕು, ದೊಡ್ಡವರು ಬರುವವರೆಗೆ ಕಾಯಬಾರದು. ಬೆಳಗ್ಗೆ ಸುತ್ತಿ ಮೇಲಕ್ಕೆ ಗಂಟು ಹಾಕಿದರೆ ಹರಿಯುವುದು ಕಡಿಮೆ.

ಪದೇ ಪದೇ ಒಗೆದರೆ ಪರದೆ ಬೇಗ ಹಾಳಾಗುತ್ತದೆ. ದೀರ್ಘಕಾಲ ಬಾಳುವ ಪರದೆಯ ಔಷಧಿಯನ್ನು 20 ಒಗೆತ, 3 ವರ್ಷ ತಡೆಯುವಂತೆ ಮಾಡಿರುತ್ತಾರೆ. ವಾರಕ್ಕೊಮ್ಮೆ ಒಗೆದರೆ ಆ 20 ಐದೇ ತಿಂಗಳಿಗೆ ಮುಗಿಯುತ್ತದೆ. ಮೂರು ತಿಂಗಳಿಗೊಮ್ಮೆ ಸಾಕು: ತಣ್ಣೀರು, ಸಾದಾ ಸೋಪು, ಕಲ್ಲಿಗೆ ಬಡಿಯದೆ, ಬ್ಲೀಚಿಂಗ್ ಪುಡಿ ಹಾಕದೆ. ಬಿಸಿಲು ಔಷಧಿಯನ್ನು ಕೆಡಿಸುವುದರಿಂದ ಒಣಗಿಸುವುದೂ ನೆರಳಿನಲ್ಲೇ. ಪರದೆಗೆ ಲೇಪಿಸುವ ಪೈರೆಥ್ರಾಯ್ಡ್ ಎಂಬ ಔಷಧಿ ಮೀನಿಗೆ ವಿಷ. ಒಗೆದ ನೀರನ್ನು ಕೆರೆ, ಹಳ್ಳ, ಬಾವಿಗಳಿಂದ ದೂರ ನೆಲಕ್ಕೆ ಚೆಲ್ಲಿ.

ತೂತು ಹೆಚ್ಚಾಗಿ ಬೀಳುವುದು ಕೆಳಭಾಗದಲ್ಲಿ, ಮಂಚದ ಅಂಚಿಗೆ ಸಿಕ್ಕುವಲ್ಲಿ. ಕಂಡ ದಿನವೇ ಸೂಜಿದಾರ ಹಾಕಿ, ದಾರವಿಲ್ಲದಿದ್ದರೆ ಬಟ್ಟೆಯನ್ನೇ ಕೂಡಿಸಿ ಗಂಟು ಕಟ್ಟಿ. ಒಂದೆರಡು ತೂತು ಬಿದ್ದಿತೆಂದು ಪರದೆ ಎಸೆಯಬೇಡಿ. ದಾರಿ ಹುಡುಕುತ್ತ ಅದರ ಮೇಲೆ ಕೂತ ಸೊಳ್ಳೆಗೆ ಔಷಧಿ ತಾಗುತ್ತದೆ. ಹೊಸದು ಕೈಗೆ ಬಂದು, ಕಟ್ಟಿ ಆಗುವವರೆಗೂ ಹಳೆಯದು ಅಲ್ಲೇ ಇರಲಿ.