ವಾಕ್ಯರೂಪದ ಲೆಕ್ಕ: ಸಮೀಕರಣ ಕಟ್ಟುವುದು ಹೇಗೆ?

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳನ್ನು ಸರಾಗವಾಗಿ ಬಿಡಿಸುವ ಹತ್ತನೇ ತರಗತಿಯ ವಿದ್ಯಾರ್ಥಿಗಳೂ ಅದೇ ಲೆಕ್ಕ ವಾಕ್ಯಗಳಲ್ಲಿ ಬಂದಾಗ ತಡವರಿಸುತ್ತಾರೆ. ತೊಡಕೆಲ್ಲ ವಾಕ್ಯವನ್ನು ಸಮೀಕರಣವಾಗಿಸುವಲ್ಲೇ ಇರುವುದರಿಂದ ಹೆಚ್ಚಿನ ಗಮನವನ್ನು ಅದಕ್ಕೇ ಕೊಡಬೇಕು.

ಶಿವಮೊಗ್ಗದ ಅಡಿಕೆ ಮಾರುಕಟ್ಟೆಯ ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ರಾಶಿ, ಬೆಟ್ಟೆ ಎಂಬುವು ಅಡಿಕೆಯ ಎರಡು ಬಗೆಗಳು. ತೀರ್ಥಹಳ್ಳಿಯ ಬೆಳೆಗಾರರೊಬ್ಬರು 4 ಕ್ವಿಂಟಲ್ ರಾಶಿ ಮತ್ತು 1 ಕ್ವಿಂಟಲ್ ಬೆಟ್ಟೆ ಮಾರಿ 2,44,000 ರೂಪಾಯಿ ಪಡೆದರು. ಅದೇ ದಿನ, ಅದೇ ಧಾರಣೆಯಲ್ಲಿ, ಹೊಸನಗರದ ಬೆಳೆಗಾರರೊಬ್ಬರಿಗೆ 3 ಕ್ವಿಂಟಲ್ ರಾಶಿ ಮತ್ತು 2 ಕ್ವಿಂಟಲ್ ಬೆಟ್ಟೆಗೆ 2,48,000 ರೂಪಾಯಿ ಬಂದಿತು. ಒಂದೊಂದರ ಧಾರಣೆ ಎಷ್ಟು?

ಮೊದಲು ಅಕ್ಷರಗಳ ಅರ್ಥವನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ: ‘ಒಂದು ಕ್ವಿಂಟಲ್ ರಾಶಿಯ ಬೆಲೆ ರ ರೂಪಾಯಿ, ಒಂದು ಕ್ವಿಂಟಲ್ ಬೆಟ್ಟೆಯ ಬೆಲೆ ಬ ರೂಪಾಯಿ.’ ‘ರ ಎಂದರೆ ರಾಶಿ’ ಎಂದಷ್ಟೇ ಬರೆದರೆ ಅದು ತೂಕವೋ ಬೆಲೆಯೋ ಎಂಬುದು ಮುಂದಿನ ಸಾಲಿಗೇ ಮಸುಕಾಗುತ್ತದೆ. ಬಹುಪಾಲು ತಪ್ಪುಗಳ ಮೂಲ ಇಲ್ಲಿದೆ. ‘ಅದೇ ಧಾರಣೆ’ ಎಂಬ ಮಾತನ್ನೂ ಗುರುತು ಹಾಕಿಕೊಳ್ಳಿ. ಆ ಮಾತಿಲ್ಲದಿದ್ದರೆ ಎರಡರ ಬದಲು ನಾಲ್ಕು ಅಜ್ಞಾತ ಬೆಲೆಗಳಿರುತ್ತಿದ್ದವು, ಲೆಕ್ಕ ಬಿಡಿಸಲು ಬರುತ್ತಿರಲಿಲ್ಲ.

ಈಗ ಒಬ್ಬೊಬ್ಬರ ವ್ಯವಹಾರಕ್ಕೆ ಒಂದೊಂದು ಸಮೀಕರಣ:

4ರ + ಬ = 2,44,000
3ರ + 2ಬ = 2,48,000

ಮೊದಲನೆಯದನ್ನು 2ರಿಂದ ಗುಣಿಸಿದರೆ 8ರ + 2ಬ = 4,88,000. ಇದರಿಂದ ಎರಡನೆಯದನ್ನು ಕಳೆದರೆ 5ರ = 2,40,000; ಅಂದರೆ ರ = 48,000, ಬ = 52,000.

ಉತ್ತರವನ್ನು ನೀವು ಕಟ್ಟಿದ ಸಮೀಕರಣದಲ್ಲಿಟ್ಟು ತಾಳೆ ನೋಡಿದರೆ ಸಾಲದು, ಸಮೀಕರಣವೇ ತಪ್ಪಿರಬಹುದು. ಪ್ರಶ್ನೆಯ ವಾಕ್ಯಕ್ಕೇ ಮರಳಿ: 3 ಕ್ವಿಂಟಲ್ ರಾಶಿಗೆ 1,44,000, 2 ಕ್ವಿಂಟಲ್ ಬೆಟ್ಟೆಗೆ 1,04,000, ಒಟ್ಟು 2,48,000.

ಎರಡನೆಯವರು 8 ಕ್ವಿಂಟಲ್ ರಾಶಿ, 2 ಕ್ವಿಂಟಲ್ ಬೆಟ್ಟೆ ಮಾರಿ 4,88,000 ರೂಪಾಯಿ ಪಡೆದಿದ್ದರೆ ಅದು ಮೊದಲ ವಾಕ್ಯದ ಇಮ್ಮಡಿಯಷ್ಟೇ; ಹೊಸ ಮಾಹಿತಿ ಇಲ್ಲದ್ದರಿಂದ ಒಂದೇ ಖಚಿತ ಉತ್ತರ ಸಿಗುವುದಿಲ್ಲ.

ಕೆಲವೊಮ್ಮೆ ಸಂಖ್ಯೆಗಳೇ ಹತ್ತಿರದ ದಾರಿ ತೋರಿಸುತ್ತವೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಹೀಗೊಂದು ಸೊಗಸಾದ ಲೆಕ್ಕವಿದೆ: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿನ ಬೆಲೆ 107, 7 ಮಾದಲ ಮತ್ತು 9 ಬೇಲದ ಬೆಲೆ 101. ಸಂಖ್ಯೆಗಳು ಅದಲುಬದಲಾಗಿರುವುದರಿಂದ ಎರಡನ್ನೂ ಕೂಡಿದರೆ ತಲಾ 16 ಹಣ್ಣಿಗೆ 208, ಅಂದರೆ ಒಂದು ಜೊತೆಗೆ 13. ಕಳೆದರೆ ಎರಡು ಬೆಲೆಗಳ ಅಂತರದ ಇಮ್ಮಡಿ 6, ಅಂದರೆ ಅಂತರ 3. ಮಾದಲಕ್ಕೆ 8, ಬೇಲಕ್ಕೆ 5.