ಹಳೆ ಕಂಪ್ಯೂಟರಿನಲ್ಲಿ ಫ್ರೀ ಡಿಶ್: ಕೊನೆಗೂ ಕೆಲಸ ಮಾಡಿದ ಟ್ಯೂನರ್ ಕಾರ್ಡ್

"ಇದ್ರಾಗ ಟಿವಿ ಬರೂದಿಲ್ಲ ಬಿಡ್ರಿ ಸರ, ಸುಮ್ನ ರೊಕ್ಕ ಕಳಕೋತೀರಿ" ಅಂತ ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯವರು ಹೇಳಿದ್ದರು. ಗದಗ-ಬೆಟಗೇರಿಯ ನಮ್ಮ ಓಣಿಯ ಕೇಬಲ್ ಹುಡುಗನೂ ಅದನ್ನೇ ಹೇಳಿದ್ದ. ಈಗ ಒಂದು ವರ್ಷದ ಮೇಲಾಯಿತು. ನಮ್ಮ ಮನೆಯ ಹಳೆ ಆಫೀಸ್ ಕಂಪ್ಯೂಟರಿನಲ್ಲಿ ದೂರದರ್ಶನದ ಉಚಿತ ಉಪಗ್ರಹ ಟಿವಿ, ಡಿಡಿ ಫ್ರೀ ಡಿಶ್, ದಿನಾ ಓಡುತ್ತಿದೆ. ಅವ್ವ ಚಂದನ ನೋಡುತ್ತಾಳೆ. ರಾತ್ರಿ ಬೇಗ ಮಲಗಿದರೆ ಬೆಳಿಗ್ಗೆ ರೆಕಾರ್ಡ್ ಆದದ್ದನ್ನು ಹಾಕಿಕೊಳ್ಳುತ್ತಾಳೆ.

ಟಿವಿ ಸಿಗ್ನಲ್ ಹಿಡಿದು ಕಂಪ್ಯೂಟರಿಗೆ ಕೊಡುವ ಟ್ಯೂನರ್ ಕಾರ್ಡ್ ಯಾವ ಕಂಪನಿಯದು ಅನ್ನೋದು ಆಮೇಲಿನ ಮಾತು. ನಿಮ್ಮ ಮಾಳಿಗೆ ಮೇಲೆ ಯಾವ ಸಿಗ್ನಲ್ ಬೀಳುತ್ತಿದೆ ಅಂತ ಮೊದಲು ನೋಡಿ. ಇಷ್ಟು ತಿಳಿಯುವಷ್ಟರಲ್ಲಿ ನನ್ನ ಎರಡು ಟ್ಯೂನರ್ ಮೂಲೆ ಸೇರಿದ್ದವು.

ಮೊದಲನೆಯದು ಕಂಪ್ಯೂಟರಿನೊಳಗಿನ ಪಿಸಿಐ ಸ್ಲಾಟಿಗೆ ಕೂರಿಸುವ ಅನಲಾಗ್ ಕಾರ್ಡ್. ಆಗ ಸುಮಾರು 1,800 ಕೊಟ್ಟಿದ್ದೆ. ಕೇಬಲ್ ವೈರು ನೇರ ಚುಚ್ಚಿದರೆ ಚಾನೆಲ್ ಬರುತ್ತಿದ್ದ ಕಾಲ ಅದು, ನಾಲ್ಕೈದು ವರ್ಷ ಚೆನ್ನಾಗಿ ದುಡಿಯಿತು. ಆಮೇಲೆ ಕೇಬಲ್ ಡಿಜಿಟಲ್ ಆಯಿತು. ಸರ್ಕಾರದ ಕೇಬಲ್ ಡಿಜಿಟಲೀಕರಣದ ಮೂರನೇ ಹಂತದ ಊರುಗಳಿಗೆ 2015ರ ಡಿಸೆಂಬರ್ 31ರ ಗಡುವು ಇತ್ತು. ಚಾನೆಲ್‌ಗಳೆಲ್ಲ ಬೀಗ ಹಾಕಿಕೊಂಡು ಬಾಕ್ಸಿನೊಳಗೆ ಹೋದವು. ಕಾರ್ಡಿಗೆ ಹಿಡಿಯೋಕೆ ಏನೂ ಉಳಿಯಲಿಲ್ಲ.

ಎರಡನೆಯದು ಯುಎಸ್‌ಬಿ ಕಡ್ಡಿ, ಆರ್‌ಟಿಎಲ್2832 ಚಿಪ್ಪಿನದು. ಆನ್‌ಲೈನಿನಲ್ಲಿ 1,300ರ ಆಸುಪಾಸು. ಅದು ಆಂಟೆನಾಕ್ಕೆ ಬರುವ ಡಿಜಿಟಲ್ ಪ್ರಸಾರದ ಹಳೆ ಮಾದರಿ ಡಿವಿಬಿ-ಟಿ ಮಾತ್ರ ಹಿಡಿಯುತ್ತದೆ. ದೂರದರ್ಶನ ದೊಡ್ಡ ನಗರಗಳಲ್ಲಿ ಗಾಳಿಯಲ್ಲಿ ಬಿಟ್ಟದ್ದು ಹೊಸ ಮಾದರಿಯ ಡಿವಿಬಿ-ಟಿ2, ನಮ್ಮ ಕಡೆ ಅದೂ ಇಲ್ಲ. ಎರಡು ವಾರ ಮಾಳಿಗೆ ಮೇಲೆ ಆಂಟೆನಾ ತಿರುಗಿಸಿದೆ. ಒಂದು ಚುಕ್ಕೆ ಕೂಡ ಬರಲಿಲ್ಲ.

ಆ ಕಡ್ಡಿಯನ್ನು ನಾನು ಎಸೆಯಲಿಲ್ಲ. ಏಳು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ತಾಮ್ರದ ತಂತಿ ಬೆಸೆದು 1090 ಮೆಗಾಹರ್ಟ್ಸ್‌ಗೆ ಇಟ್ಟೆ. ಮೇಲೆ ಹಾರುವ ವಿಮಾನಗಳು ತಮ್ಮ ಎತ್ತರ, ವೇಗ ಹೇಳುತ್ತಾ ಹೋಗುವುದು ಪರದೆ ಮೇಲೆ ಸಾಲಾಗಿ ಬಂತು. ಆ ದಿನ ರಾತ್ರಿ ಊಟಕ್ಕೆ ಏಳಲಿಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಇನ್ನು ಉಳಿದದ್ದು ಉಪಗ್ರಹ. ಬೇರೆ ಡಿಟಿಎಚ್‌ಗಳಿಗೆ ಬೀಗ ಇದೆ. ಫ್ರೀ ಡಿಶ್‌ನ ಎಂಪೆಗ್-2 (ವಿಡಿಯೋ ಕುಗ್ಗಿಸುವ ಹಳೆ ವಿಧಾನ) ಚಾನೆಲ್‌ಗಳಿಗೆ ಇಲ್ಲ. ಉಪಗ್ರಹದ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್2 ಕಾರ್ಡ್, ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಸ್ಲಾಟಿನದು, ಲಿನಕ್ಸಿಗೆ ಡ್ರೈವರ್ ಇದೆ ಅಂತ ಖಾತ್ರಿ ಮಾಡಿಕೊಂಡೇ ಸೆಕೆಂಡ್ ಹ್ಯಾಂಡ್ ತಗೊಂಡೆ. 3,200 ಬಿತ್ತು. ಯಾರ ಹತ್ತಿರ ಅಂತ ಹೇಳುವುದಿಲ್ಲ. ಅವರಲ್ಲಿ ಇನ್ನೂ ಒಂದು ಉಳಿದಿದೆ, ಅದರ ಮೇಲೂ ನನ್ನ ಕಣ್ಣಿದೆ.

ಕಾರ್ಡ್ ಬಂದ ಮೇಲೇ ನಿಜವಾದ ಕಷ್ಟ ಶುರುವಾಯಿತು. ಮೊದಲ ಮೂರು ರಾತ್ರಿ ಹಾಳಾದದ್ದು ಒಂದು ಅಂಕಿಯಿಂದ. ಚಾನೆಲ್ ಹಿಡಿದು ರೆಕಾರ್ಡ್ ಮಾಡುವ ಟಿವಿಹೆಡ್‌ಎಂಡ್ ತಂತ್ರಾಂಶದಲ್ಲಿ ಎಲ್‌ಎನ್‌ಬಿಯ (ಡಿಶ್‌ನ ತೋಳಿನ ತುದಿಯಲ್ಲಿರುವ ಸಿಗ್ನಲ್ ಹಿಡಿಯುವ ಭಾಗ) ಲೋ ಜಾಗದಲ್ಲೂ 10600 ತುಂಬಿದ್ದೆ. ಉಪಗ್ರಹದ ಫ್ರೀಕ್ವೆನ್ಸಿಯಲ್ಲಿ ಈ ಅಂಕಿ ಕಳೆದು ಉಳಿದದ್ದು ಕಾರ್ಡಿಗೆ ಬರುತ್ತದೆ. 11090ರಲ್ಲಿ 10600 ಕಳೆದರೆ 490. ಕಾರ್ಡ್ ಕೇಳಿಸಿಕೊಳ್ಳುವುದೇ 950ರಿಂದ ಮೇಲೆ. 9750 ಹಾಕಿದ ಮೇಲೆ 1340 ಆಯಿತು, ಸರಿಹೋಯಿತು.

ಆದರೂ ಸಿಗ್ನಲ್ಲಿನ ಸ್ಟ್ರೆಂತ್ ಎಂಬತ್ತರ ಹತ್ತಿರ, ಕ್ವಾಲಿಟಿ ಸೊನ್ನೆ. ಗದಗಿನಿಂದ ನೋಡಿದರೆ ಫ್ರೀ ಡಿಶ್ ಬರುವ ಉಪಗ್ರಹ, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15, ಅಗ್ನಿಮೂಲೆಗೆ ಸಿಗುತ್ತದೆ. ದಿಕ್ಸೂಚಿಯಲ್ಲಿ ಸುಮಾರು 130, ಎತ್ತರ 62-63 ಡಿಗ್ರಿ. ಅದೆಲ್ಲ ಸರಿ ಇಟ್ಟಿದ್ದೆ. ಎಲ್‌ಎನ್‌ಬಿಯನ್ನು ಮಾತ್ರ ನೆಟ್ಟಗೆ ಕೂರಿಸಿದ್ದೆ. ಅದನ್ನು ಅದರ ಹಿಡಿಯಲ್ಲೇ 48 ಡಿಗ್ರಿಯಷ್ಟು ತಿರುಗಿಸಬೇಕು. ಇಲ್ಲದಿದ್ದರೆ ಉಪಗ್ರಹದಿಂದ ಬರುವ ನೆಟ್ಟಗಿನ (ವರ್ಟಿಕಲ್), ಅಡ್ಡ (ಹಾರಿಜಾಂಟಲ್) ಅಲೆಗಳು ಎರಡೂ ಕಲಸಿಹೋಗುತ್ತವೆ. ಯಾವ ಕಡೆಗೆ ತಿರುಗಿಸಬೇಕು ಅಂತ ಮೀಟರ್ ಇಲ್ಲದೆ ಕಂಡುಹಿಡಿಯೋಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಮನೆಗೆ ಬಂದವರಿಗೆ ಮಾಳಿಗೆ ಮೇಲೆ ನಿಂತು ತೋರಿಸುತ್ತೇನೆ.

ತಿರುಗಿಸಿದ ಮೇಲೆ ಕ್ವಾಲಿಟಿ ಬಂತು. ಮರುದಿನ ಮತ್ತೆ ಸೊನ್ನೆ. ಈ ಸಲ ಸ್ಟ್ರೆಂತ್ ಕೂಡ ಇಲ್ಲ. ಡಿಶ್ ಮುಟ್ಟಿದೆ, ಕಾರ್ಡ್ ಬಿಚ್ಚಿ ಹಾಕಿದೆ, ಡ್ರೈವರ್ ಮತ್ತೆ ಕೂರಿಸಿದೆ. ಕೊನೆಗೆ ಕೇಬಲ್ ತುದಿಯ ಎಫ್ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ, ಹೊರಗಿನ ಜಾಲರಿಯ ಕೂದಲಿನಷ್ಟು ತೆಳು ಎಳೆಯೊಂದು ನಡುವಿನ ತಾಮ್ರಕ್ಕೆ ತಾಗಿಕೊಂಡಿತ್ತು. ಎಲ್‌ಎನ್‌ಬಿಗೆ ಹೋಗಬೇಕಾದ ಕರೆಂಟು ಅಲ್ಲೇ ಶಾರ್ಟ್. ಉಗುರಿನಿಂದ ಎಳೆದು ತೆಗೆದೆ. ಹತ್ತು ಸೆಕೆಂಡಿಗೆ ಚಿತ್ರ ಬಂತು. ಕಾರ್ಡ್ ಸುಟ್ಟಿರಲಿಲ್ಲ, ಅದು ನನ್ನ ಪುಣ್ಯ.

ಇದೇ ಡಿಶ್‌ನಿಂದ ಪಕ್ಕದ ಮನೆಯ ಅಣ್ಣನ ಬಾಕ್ಸಿಗೂ ಲೈನ್ ಕೊಟ್ಟಿದ್ದೆ, ಒಂದು ವೈರನ್ನು ಎರಡು ಮಾಡುವ ಸ್ಪ್ಲಿಟರ್ ಹಾಕಿ. ಅದು ತಪ್ಪು. ನನ್ನ ಕಾರ್ಡ್ ವರ್ಟಿಕಲ್‌ಗೆ 13 ವೋಲ್ಟ್ ಕೊಟ್ಟಾಗ ಅವರ ಬಾಕ್ಸ್ ಹಾರಿಜಾಂಟಲ್‌ಗೆ 18 ಕೊಟ್ಟರೆ ಎಲ್‌ಎನ್‌ಬಿ 18ರ ಮಾತನ್ನೇ ಕೇಳುತ್ತದೆ. ಅವರು ಚಾನೆಲ್ ಬದಲಿಸಿದರೆ ನಮ್ಮಲ್ಲಿ ಚಿತ್ರ ಮಾಯ. 450 ಕೊಟ್ಟು ಎರಡು ಬೇರೆ ಬೇರೆ ಲೈನ್ ಕೊಡುವ ಟ್ವಿನ್ ಎಲ್‌ಎನ್‌ಬಿ ಹಾಕಿದ ಮೇಲೆ ಜಗಳ ಮುಗಿಯಿತು.

ಈಗ ಗ್ರಾಫಿಕ್ಸ್ ಕಾರ್ಡ್. ನಮ್ಮ ಕಂಪ್ಯೂಟರ್ ನಾಲ್ಕನೇ ಪೀಳಿಗೆಯ ಐ5 ಪ್ರೊಸೆಸರಿನದು, ಸ್ಲಿಮ್ ಕ್ಯಾಬಿನೆಟ್, ಸೆಕೆಂಡ್ ಹ್ಯಾಂಡ್ ಸುಮಾರು 9,000. ಟಿವಿ ಚಾನೆಲ್ಲಿಗೆ ಒಳಗಿನ ಗ್ರಾಫಿಕ್ಸೇ ಸಾಕು. ಆದರೆ ಟಿವಿಗೆ ಜೋಡಿಸೋಕೆ ಎಚ್‌ಡಿಎಂಐ ಕಿಂಡಿ ಇಲ್ಲ. ಜೊತೆಗೆ ಮೊಬೈಲಿನಲ್ಲಿ ಹಿಡಿದ ಎಚ್‌ಇವಿಸಿ (ಹೆಚ್ಚು ಕುಗ್ಗಿಸಿದ) ವಿಡಿಯೋ ಹಾಕಿದರೆ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಅಂಗಡಿಯವರು 14,000ದ ಗೇಮಿಂಗ್ ಕಾರ್ಡ್ ತೋರಿಸಿದರು. ಅದಕ್ಕೆ ಬೇರೆ ಪವರ್ ವೈರು ಬೇಕು, ಕ್ಯಾಬಿನೆಟ್ಟಿನ ಮುಚ್ಚಳವೂ ಹಾಕೋಕೆ ಆಗುವುದಿಲ್ಲ. ನನಗೆ ಬೇಕಾಗಿದ್ದದ್ದು ಜಿಟಿ 1030 ಅನ್ನೋ ಗ್ರಾಫಿಕ್ಸ್ ಕಾರ್ಡ್, ಲೋ ಪ್ರೊಫೈಲ್, ಅಂದರೆ ಗಿಡ್ಡದು. 30 ವ್ಯಾಟ್, ಸ್ಲಾಟಿನ ಕರೆಂಟೇ ಸಾಕು.

ಇಲ್ಲೂ ಒಂದು ಪೆಟ್ಟು ತಿಂದೆ. 3,600 ಕೊಟ್ಟು ತಂದೆ. ಅಣ್ಣನ ಮಗ ಒಂದು ಆಟ ಹಾಕಿ "ಕಾಕಾ, ನಿಂತ ನಿಂತ ಓಡಾಕತ್ತೈತಿ" ಅಂದ. ಕಾರ್ಡಿನ ವಿವರ ತೆಗೆದು ನೋಡಿದರೆ ಮೆಮೊರಿ ನಿಧಾನದ ಡಿಡಿಆರ್4. ಹೆಸರು ಅದೇ 1030, ಆದರೆ ಜಿಡಿಡಿಆರ್5 ಇದ್ದದ್ದು ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಇದು 17 ಕೂಡ ಮುಟ್ಟುವುದಿಲ್ಲ. ಟಿವಿ ನೋಡೋಕೆ ಎರಡೂ ಒಂದೇ. ಆದರೆ ನಾನು ಕೊಟ್ಟದ್ದು ಒಳ್ಳೆಯದರ ರೇಟು. ಮತ್ತೆ ರೈಲು ಹತ್ತಿ ಹೋಗಿ, ಮಾತಿಗೆ ಮಾತು ಬೆಳೆದು, ಮೇಲೆ 600 ಕೊಟ್ಟು ಬದಲಿಸಿಕೊಂಡು ಬಂದೆ. ತಗೊಳ್ಳುವಾಗ ಡಬ್ಬಿಯನ್ನಲ್ಲ, ಕಾರ್ಡಿನ ಹಿಂದಿನ ಚೀಟಿ ಓದಿ.

ಚಿತ್ರ ಬಂದರೂ ನನಗೆ ಸಮಾಧಾನ ಇರಲಿಲ್ಲ. ಕಬಡ್ಡಿಯಲ್ಲಿ ಆಟಗಾರ ಜಿಗಿದರೆ ಮೈ ಸುತ್ತ ಬಾಚಣಿಗೆ ಹಲ್ಲಿನಂಥ ಗೆರೆ. ಕೆಳಗೆ ಓಡುವ ಸುದ್ದಿಯ ಅಕ್ಷರಗಳು ಸಣ್ಣಗೆ ಜಗ್ಗುತ್ತಿದ್ದವು. ಗೆರೆ ಹೋಗೋಕೆ ಕೋಡಿ ಎಂಬ ವಿಡಿಯೋ ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ (ಅರ್ಧರ್ಧ ಸಾಲುಗಳಾಗಿ ಬರುವ ಚಿತ್ರವನ್ನು ಪೂರ್ತಿ ಮಾಡುವ) ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟೆ. ಅಕ್ಷರದ ಜಗ್ಗಾಟ ಹೋಗಲಿಲ್ಲ. ವಾರದ ಮೇಲೆ ಹೊಳೆಯಿತು. ನಮ್ಮ ಪ್ರಸಾರ ಸೆಕೆಂಡಿಗೆ 50 ಫೀಲ್ಡ್ (ಅರ್ಧ ಚಿತ್ರ), ಕಂಪ್ಯೂಟರ್ ಟಿವಿಗೆ ಕಳಿಸುತ್ತಿದ್ದದ್ದು 60 ಹರ್ಟ್ಸ್. 50ಕ್ಕೆ ಬದಲಿಸಿದೆ. ಸುದ್ದಿಯ ಸಾಲು ಎಣ್ಣೆ ಸುರಿದ ಹಾಗೆ ಸರಿಯಿತು. ಅಣ್ಣನ ಮನೆಯ ಬಾಕ್ಸಿಗಿಂತ ನಮ್ಮ ಚಿತ್ರ ಚೆನ್ನಾಗಿದೆ. ಇದನ್ನು ಅಣ್ಣನೇ ಒಪ್ಪಿಕೊಂಡಿದ್ದಾನೆ.

ರೆಕಾರ್ಡಿಂಗ್ ಗಂಟೆಗೆ ಹೆಚ್ಚು ಕಡಿಮೆ ಒಂದೂವರೆ ಜಿಬಿ ತಿನ್ನುತ್ತದೆ. ಟ್ಯೂನರ್ ಒಂದೇ ಆದರೂ ಉಪಗ್ರಹದ ಒಂದು ಪ್ರಸಾರ ದಾರಿಯಲ್ಲಿ (ಟ್ರಾನ್ಸ್‌ಪಾಂಡರ್) ಹತ್ತಾರು ಚಾನೆಲ್ ಒಟ್ಟಿಗೆ ಬರುತ್ತವೆ. ಅದೇ ಗುಂಪಿನ ನಾಲ್ಕು ಚಾನೆಲ್ ಒಟ್ಟಿಗೆ ರೆಕಾರ್ಡ್ ಮಾಡಿದ್ದೇನೆ, ಒಂದೂ ಮುಗ್ಗರಿಸಲಿಲ್ಲ. ಡಿಶ್, ಕೇಬಲ್ ಎಲ್ಲಾ ಸೇರಿ ಖರ್ಚು ಹದಿನೆಂಟು ಸಾವಿರದ ಆಸುಪಾಸು, ಮೂಲೆ ಸೇರಿದ್ದನ್ನು ಬಿಟ್ಟು. ತಿಂಗಳಿಗೆ ಮುನ್ನೂರರ ಕೇಬಲ್ ಬಿಲ್ಲು ನಿಂತಿದೆ.

ಗದಗಿನ ಗಾಳಿ ಗೊತ್ತಲ್ವಾ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಎರಡು ಸಲ ಡಿಶ್ ಕದಲಿತು. ಈಗ ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿಸಿ, ದಪ್ಪ ತಾಮ್ರದ ವೈರಿನಿಂದ ಅರ್ಥಿಂಗ್ ಕೊಟ್ಟಿದ್ದೇನೆ. ಜೋರು ಮಳೆಗೆ ಹತ್ತು ನಿಮಿಷ ಚಿತ್ರ ಹೋಗುತ್ತದೆ, ಅದಕ್ಕೆ ಮದ್ದಿಲ್ಲ. ಮೇ ತಿಂಗಳಲ್ಲಿ ಸಂಜೆ ಮೋಡ ಕಟ್ಟಿತೆಂದರೆ ಸಿಡಿಲಿಗೆ ಹೆದರಿ ನಾನು ಮೊದಲು ಮಾಡುವ ಕೆಲಸ ಕಾರ್ಡಿನ ಹಿಂದಿನ ವೈರು ಬಿಚ್ಚಿ ಕಿಟಕಿಯ ಹೊರಗೆ ಇಳಿಬಿಡುವುದು. ನಾನು ಮನೆಯಲ್ಲಿ ಇಲ್ಲದಿದ್ದರೆ ಅವ್ವನೇ ಬಿಚ್ಚುತ್ತಾಳೆ. ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಾಗಲೆಂದು ಕನೆಕ್ಟರಿಗೆ ಕೆಂಪು ಉಗುರುಬಣ್ಣದಲ್ಲಿ ಬಾಣದ ಗುರುತು ಬರೆದಿಟ್ಟಿದ್ದೇನೆ.